ಮಾಸ್ತರರ ಪಿನ್ ಮಾಸ್ತರರ ಹತ್ತಿರವೇ ಇರಲಿ

ಮಕ್ಕಳೇ, ಮೊದಲು ಒಂದು ಒಗಟು. ಕಣ್ಣಿಲ್ಲ, ಆದರೂ ಓದುತ್ತದೆ. ನಾಲಿಗೆಯಿಲ್ಲ, ಆದರೂ ಹೇಳುತ್ತದೆ. ಮನೆಯವರೆಲ್ಲರ ಜೇಬಿನಲ್ಲೂ ಇದೆ, ಆದರೆ ಇದೆಯೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಏನದು? ಅಜ್ಜ-ಅಜ್ಜಿಯರೂ ಬೇಕಾದರೆ ತಲೆ ಕೆರೆದುಕೊಳ್ಳಬಹುದು.

ಉತ್ತರ ಹೇಳಿಬಿಡುತ್ತೇನೆ. ಅದು ಮೊಬೈಲಿನೊಳಗಿರುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಆಂಡ್ರಾಯ್ಡ್ ಫೋನಿನಲ್ಲಿ ಅದರ ಹೆಸರು ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ಕಂಪ್ಯೂಟರಿಗೆ ಎನ್‌ವಿಡಿಎ ಎಂಬುದೊಂದಿದೆ. ಅದು ಹುಟ್ಟಿದ ಕಥೆ ಚೆನ್ನಾಗಿದೆ. ಆಸ್ಟ್ರೇಲಿಯಾದಲ್ಲಿ ಅಂಧ ಮಕ್ಕಳಿಗಾಗಿ ನಡೆದ ಒಂದು ಸಂಗೀತ ಶಿಬಿರದಲ್ಲಿ ಮೈಕೆಲ್ ಕರನ್ ಮತ್ತು ಜೇಮ್ಸ್ ಟೇ ಎಂಬ ಇಬ್ಬರು ಹುಡುಗರು ಗೆಳೆಯರಾದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಆಗ ಪರದೆ ಓದುವ ತಂತ್ರಾಂಶಗಳಿಗೆ ವಿಪರೀತ ಬೆಲೆ. 2006ರಲ್ಲಿ ಮೈಕೆಲ್ ತಾನೇ ಒಂದನ್ನು ಬರೆಯತೊಡಗಿದ, ಜೇಮ್ಸ್ ಬಂದು ಕೈಜೋಡಿಸಿದ. ಇವತ್ತು ಜಗತ್ತಿನಲ್ಲಿ ಯಾರು ಬೇಕಾದರೂ ಅದನ್ನು ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ಅದು ಕನ್ನಡವನ್ನೂ ಓದುತ್ತದೆ.

ಇಷ್ಟು ಒಳ್ಳೆಯ ಸಾಧನ ಪುಕ್ಕಟೆಯಾಗಿ ಸಿಗುವಾಗ ಕಣ್ಣು ಕಾಣದವರಿಗೆ ಇನ್ನೇನು ತೊಂದರೆ ಎಂದು ನೀವು ಕೇಳಬಹುದು. ಓದುವವನು ಎಷ್ಟೇ ಜಾಣನಾದರೂ ಪುಸ್ತಕದಲ್ಲಿ ಅಕ್ಷರವೇ ಇಲ್ಲದಿದ್ದರೆ ಏನು ಓದಿಯಾನು? ನಮ್ಮ ಸುತ್ತಲಿನ ಬಹಳಷ್ಟು ವೆಬ್‌ಸೈಟುಗಳ ಕಥೆ ಹೀಗೇ ಇದೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಚಿಕ್ಕೋಡಿ, ರಾಯಬಾಗ, ಅಥಣಿ ಎಂದು ವರ್ಗವಾಗುತ್ತ ಕೌಂಟರಿನ ಹಿಂದೆಯೇ ತಲೆ ಬೆಳ್ಳಗಾಯಿತು. ಈಗ ಎಪ್ಪತ್ತು ದಾಟಿದೆ. ಕಂಪ್ಯೂಟರ್ ವಿದ್ಯೆ ನನ್ನದಲ್ಲ. ಆದರೂ ಈ ವಿಷಯ ಬರೆಯಲು ಕಾರಣವಿದೆ. ಇದು ಕಂಪ್ಯೂಟರಿನ ವಿಷಯದಷ್ಟೇ ಗುಟ್ಟಿನ ವಿಷಯವೂ ಹೌದು. ಹಣ ಎಣಿಸುವುದನ್ನು ಯಂತ್ರವೂ ಮಾಡುತ್ತದೆ; ಗಿರಾಕಿಯ ಗುಟ್ಟು ಕಾಯುವುದೇ ಬ್ಯಾಂಕಿನವರ ನಿಜವಾದ ಕೆಲಸ ಎಂದು ನಮ್ಮ ಹಿರಿಯರು ಮೊದಲ ದಿನವೇ ಕಲಿಸಿದ್ದರು.

ಆರುನೂರು ರೂಪಾಯಿಯ ಬಿಲ್ಲು

ನಿಪ್ಪಾಣಿಯಲ್ಲಿ ನನಗೊಬ್ಬ ಹಳೆಯ ಗೆಳೆಯರಿದ್ದಾರೆ. ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಗ್ಲಾಕೋಮಾದಿಂದ ಅವರ ದೃಷ್ಟಿ ಸ್ವಲ್ಪ ಸ್ವಲ್ಪವಾಗಿ ಹೋಗಿ ಈಗ ಬೆಳಕು-ಕತ್ತಲೆ ಮಾತ್ರ ಗೊತ್ತಾಗುತ್ತದೆ. ಮಾಸ್ತರರು ಸುಮ್ಮನೆ ಕೂಡುವವರಲ್ಲ. ಟಾಕ್‌ಬ್ಯಾಕ್ ಕಲಿತರು. ಫೋನು ಹಚ್ಚುತ್ತಾರೆ, ಸಂದೇಶ ಕೇಳುತ್ತಾರೆ, ಮಾತಿನಲ್ಲೇ ಉತ್ತರ ಬರೆಸುತ್ತಾರೆ. ಆದರೆ ತಿಂಗಳಿಗೊಮ್ಮೆ ಮನೆಯ ಇಂಟರ್ನೆಟ್ ಬಿಲ್ಲು ತುಂಬುವ ದಿನ ಮಾತ್ರ ಅವರ ಜಾಣತನ ನಡೆಯುತ್ತಿರಲಿಲ್ಲ. ಸಂಪರ್ಕ ಕೊಟ್ಟದ್ದು ನಮ್ಮ ಭಾಗದ್ದೇ ಒಂದು ಸಣ್ಣ ಕಂಪನಿ. ಹೆಸರು ಬೇಡ. ಮೊದಲು ಮನೆಗೆ ಹುಡುಗ ಬಂದು ರಸೀದಿ ಹರಿದುಕೊಟ್ಟು ಹಣ ಒಯ್ಯುತ್ತಿದ್ದ. ಆಮೇಲೆ ಎಲ್ಲ ವೆಬ್‌ಸೈಟಿನಲ್ಲೇ ಆಯಿತು.

ಒಂದು ದಿನ ನನ್ನೆದುರಿಗೇ ಆ ಪುಟ ತೆರೆದರು. ಫೋನು ಓದತೊಡಗಿತು: "ಬಟನ್. ಬಟನ್. ಇಮೇಜ್. ಬಟನ್." ಅಷ್ಟೇ. ನಾನು ಕಣ್ಣಿನಿಂದ ನೋಡಿದರೆ ಮನೆಯ ಚಿತ್ರ, ರೂಪಾಯಿಯ ಚಿತ್ರ, ಫೋನಿನ ಚಿತ್ರ ಚೆಂದಾಗಿ ಸಾಲಾಗಿ ಕೂತಿವೆ. ಯಾವುದಕ್ಕೂ ಹೆಸರಿಲ್ಲ. ಮುಂದೆ ಎರಡು ಖಾಲಿ ಚೌಕಗಳು. ಗ್ರಾಹಕ ಸಂಖ್ಯೆ ಯಾವುದರಲ್ಲಿ, ಮೊಬೈಲ್ ಸಂಖ್ಯೆ ಯಾವುದರಲ್ಲಿ ಎಂದು ಫೋನು ಹೇಳುವುದಿಲ್ಲ. ಅದನ್ನೂ ಊಹಿಸಿ ದಾಟಿದರೆ ಸೊಟ್ಟ ಅಕ್ಷರಗಳ ಚಿತ್ರ, "ಇದನ್ನು ನೋಡಿ ಬರೆಯಿರಿ" ಎಂಬ ಅಪ್ಪಣೆ. ಕೊನೆಗೆ ಹಣ ಕೊಡಲು ಒಂದು ಕ್ಯೂಆರ್ ಚೌಕ. ಕೈಯಲ್ಲಿರುವ ಫೋನಿನ ಪರದೆಯ ಮೇಲಿನ ಚೌಕವನ್ನು ಅದೇ ಫೋನಿನ ಕ್ಯಾಮೆರಾಕ್ಕೆ ಹಿಡಿಯುವುದು ಕಣ್ಣಿದ್ದವರಿಗೂ ಆಗದ ಮಾತು.

ಹೀಗಾಗಿ ಮಾಸ್ತರರು ಪ್ರತಿ ತಿಂಗಳೂ ಓಣಿಯ ಯಾರಾದರೊಬ್ಬ ಹುಡುಗನನ್ನು ಕರೆದು ಫೋನು ಕೊಡುತ್ತಿದ್ದರು. ಫೋನಿನ ಜೊತೆ ಬೀಗದ ಸಂಖ್ಯೆ, ಒಟಿಪಿ, ಯುಪಿಐ ಪಿನ್. ಹುಡುಗರು ಒಳ್ಳೆಯವರೇ. ಆದರೂ ಮಾಸ್ತರರು ನನಗೆ ಹೇಳಿದ ಮಾತು ಮನಸ್ಸಿಗೆ ನಾಟಿತು.

"ನೋಡ್ರಿ ಸಾಹೇಬ್ರ, ಐವತ್ತು ವರ್ಷ ನನ್ನ ಸಹಿ ನಾನ ಮಾಡೀನಿ. ಈಗ ಆರುನೂರು ರೂಪಾಯಿ ಬಿಲ್ ತುಂಬಾಕ ನನ್ನ ಪಿನ್ ಓಣ್ಯಾಗಿನ ಹುಡುಗರಿಗೆ ಹೇಳಬೇಕಾಗೈತಿ. ಕಣ್ಣು ಹೋಗಿದ್ದಕ್ಕ ಇಷ್ಟ ಬ್ಯಾಸರ ಆಗಿದ್ದಿಲ್ಲ."

ಅಜ್ಜ-ಅಜ್ಜಿಯರೇ, ಯಾರಿಗೂ ಪಿನ್ ಹೇಳಬೇಡಿ ಎಂದು ಬ್ಯಾಂಕುಗಳು ನಿಮಗೆ ದಿನಕ್ಕೊಂದು ಸಂದೇಶ ಕಳಿಸುತ್ತವೆ. ಓದಲಾಗದ ವೆಬ್‌ಸೈಟು ಅದೇ ಪಿನ್ನನ್ನು ಹೇಳಿಯೇ ತೀರಬೇಕು ಎಂದು ಒತ್ತಾಯಿಸುತ್ತದೆ. ತೊಂದರೆಯ ಬೇರು ಇಲ್ಲಿದೆ.

ಚೆಕ್ ಪುಸ್ತಕದ ಹಳೆಯ ಕಥೆ

ಬ್ಯಾಂಕಿನವರಿಗೆ ಇದು ಹೊಸ ಪಾಠವಲ್ಲ. ಒಂದು ಕಾಲದಲ್ಲಿ ಕಣ್ಣು ಕಾಣದ ಗಿರಾಕಿಗೆ ಚೆಕ್ ಪುಸ್ತಕ, ಎಟಿಎಂ ಕಾರ್ಡು, ಲಾಕರ್ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತಿದ್ದವು. "ಅವರಿಗೇ ಮೋಸವಾದೀತು" ಎಂಬ ನೆಪ. ಭಾರತೀಯ ರಿಸರ್ವ್ ಬ್ಯಾಂಕು 2008ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿ, ದೃಷ್ಟಿ ಇಲ್ಲವೆಂಬ ಕಾರಣಕ್ಕೆ ಚೆಕ್ ಪುಸ್ತಕ, ಎಟಿಎಂ, ಲಾಕರ್, ಸಾಲ ಯಾವುದನ್ನೂ ನಿರಾಕರಿಸಬಾರದೆಂದು ಎಲ್ಲ ಬ್ಯಾಂಕುಗಳಿಗೆ ತಿಳಿಸಿತು. ಮರುವರ್ಷ, ಹೊಸದಾಗಿ ಹಾಕುವ ಎಟಿಎಂಗಳಲ್ಲಿ ಮೂರನೇ ಒಂದು ಪಾಲಾದರೂ ಮಾತಾಡುವ, ಬ್ರೈಲ್ ಕೀಲಿಗಳಿರುವ ಯಂತ್ರಗಳಾಗಿರಲಿ ಎಂದಿತು. 2020ರ ಜನವರಿ 1ರಂದು ಮಣಿ ಎಂಬ ಆ್ಯಪ್ ಬಂತು. ನೋಟನ್ನು ಕ್ಯಾಮೆರಾದ ಮುಂದೆ ಹಿಡಿದರೆ ಅದು ಎಷ್ಟರ ನೋಟು ಎಂದು ಹೇಳುತ್ತದೆ.

ಇವೆಲ್ಲದರ ಹಿಂದೆ ಒಂದೇ ತತ್ವವಿದೆ: ತನ್ನ ಹಣದ ವ್ಯವಹಾರವನ್ನು ತಾನೇ ಮಾಡುವಂತಿರಬೇಕು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಪಂಡಿತ ಪುಟ್ಟರಾಜ ಗವಾಯಿಗಳು (1914-2010) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳನ್ನು ಸಂಗೀತಗಾರರನ್ನಾಗಿ ಮಾಡಿದ್ದನ್ನು ನಮ್ಮ ಪೀಳಿಗೆಯವರೆಲ್ಲ ಕಂಡಿದ್ದೇವೆ. ದಾರಿ ಸರಿಯಾಗಿದ್ದರೆ ಮನುಷ್ಯ ಎಲ್ಲಿಯವರೆಗೆ ನಡೆಯಬಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕಂಪನಿಯ ಕಚೇರಿಯಲ್ಲಿ

ಮಾಸ್ತರರೂ ನಾನೂ ಒಂದು ಮುಂಜಾನೆ ಚಿಕ್ಕೋಡಿಯಲ್ಲಿದ್ದ ಆ ಕಂಪನಿಯ ಕಚೇರಿಗೆ ಹೋದೆವು. ಮಾಲೀಕ ಮೂವತ್ತರ ಹುಡುಗ. ಚಹಾ ತರಿಸಿ, ಸಾವಧಾನವಾಗಿ ಕೇಳಿದ. ಕೇಳಿ ಹೇಳಿದ್ದು ಇಷ್ಟು: "ಕಾಕಾ, ನಮ್ಮ ಗಿರಾಕಿಗಳಾಗ ಕಣ್ಣು ಕಾಣದವರು ಎಷ್ಟ ಮಂದಿ ಇರಬಹುದು? ಇಬ್ಬರೋ ಮೂವರೋ. ಅಷ್ಟಕ್ಕ ಇಡೀ ಸೈಟ್ ಬದಲ ಮಾಡಬೇಕಂದ್ರ ಹೆಂಗ?"

ಲೆಕ್ಕದ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ವಿಕಲಚೇತನರು 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ. ಅದರಲ್ಲಿ ಕಣ್ಣು ಕಾಣದವರಷ್ಟೇ ಇಲ್ಲ. ಕಿವಿ ಕೇಳದವರು, ಕೈ ಸ್ವಾಧೀನ ಇಲ್ಲದವರು, ಓದಿದ್ದು ತಲೆಗೆ ಹತ್ತಲು ಹೆಚ್ಚು ಹೊತ್ತು ಬೇಕಾದವರು ಎಲ್ಲ ಇದ್ದಾರೆ. ಇನ್ನು ಯಾವ ಪಟ್ಟಿಯಲ್ಲೂ ಸೇರದವರನ್ನು ಎಣಿಸಿ: ಮೋತಿಬಿಂದು ಬಂದ ಅಜ್ಜಿ, ಬೆರಳು ನಡುಗುವ ಅಜ್ಜ, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗ, ಕಬ್ಬಿನ ಹೊಲದ ಬದುವಿನ ಮೇಲೆ ಬಿಸಿಲಲ್ಲಿ ನಿಂತು ಮಸುಕಾದ ಅಕ್ಷರ ಓದಲಾಗದೆ ಫೋನು ಅತ್ತಿತ್ತ ತಿರುಗಿಸುವ ರೈತ. ಕಟ್ಟೆಗೆ ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಮಾಡಿದರೆ ಗಾಲಿಕುರ್ಚಿಯವರ ಜೊತೆಗೆ ಸೈಕಲ್ಲಿನವರು, ಚೀಲ ಹೊತ್ತವರು, ಮೊಣಕಾಲು ನೋವಿನವರು ಎಲ್ಲರೂ ಅದರ ಮೇಲೆಯೇ ಹೋಗುತ್ತಾರಲ್ಲವೇ?

ಹುಡುಗ ನಕ್ಕ. "ಹಂಗಂದ್ರ ಕಾಕಾ, ಅರ್ಧ ಊರ ಬಂತು," ಎಂದ. ಮಾಸ್ತರರು ತಮ್ಮ ಫೋನು ತೆಗೆದು ಅವನ ಮೇಜಿನ ಮೇಲಿಟ್ಟು, "ಒಮ್ಮೆ ಕಣ್ಣ ಮುಚ್ಚಿ ನಿನ್ನ ಸೈಟಿನಾಗ ನೀನ ಬಿಲ್ ತುಂಬು ತಮ್ಮಾ," ಎಂದರು. ಐದು ನಿಮಿಷವಾದರೂ ಅವನಿಗೆ ಮೊದಲ ಚೌಕ ಸಿಗಲಿಲ್ಲ. ಆಮೇಲೆ ವಾದ ಬೆಳೆಯಲಿಲ್ಲ.

ಏನೇನು ಬದಲಾಯಿತು?

ಸೈಟು ಕಟ್ಟಿಕೊಟ್ಟ ಹುಡುಗನನ್ನು ಕರೆಸಿ ಎರಡು ವಾರ ಕೆಲಸ ಮಾಡಿಸಿದ. ಪುಟದ ಅಂದಚೆಂದ ಇದ್ದಂತೆಯೇ ಇದೆ. ಬದಲಾದವು ಇಂಥ ಸಣ್ಣ ಸಣ್ಣ ಸಂಗತಿಗಳು.

ಮೊದಲನೆಯದು, ಪ್ರತಿ ಚಿತ್ರಕ್ಕೂ ಪ್ರತಿ ಬಟನ್ನಿಗೂ ಹೆಸರು. ಅಡುಗೆಮನೆಯಲ್ಲಿ ಒಂದೇ ತರಹದ ಸ್ಟೀಲ್ ಡಬ್ಬಿಗಳಿದ್ದರೆ ಅಜ್ಜಿ ಮೇಲೆ ಚೀಟಿ ಅಂಟಿಸುವುದಿಲ್ಲವೇ, ಹಾಗೆ. ಆ ಚೀಟಿ ಕಣ್ಣಿಗೆ ಕಾಣುವುದಿಲ್ಲ, ಪುಟದ ಹಿಂದಿನ ಬರಹದಲ್ಲಿ ಇರುತ್ತದೆ, ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ. ಈಗ ಫೋನು "ಬಟನ್" ಎನ್ನುವ ಬದಲು "ಬಿಲ್ ಪಾವತಿ, ಬಟನ್" ಎನ್ನುತ್ತದೆ.

ಎರಡನೆಯದು, ತುಂಬುವ ಚೌಕಗಳಿಗೆ ಶೀರ್ಷಿಕೆ. ಬ್ಯಾಂಕಿನ ಚಲನಿನಲ್ಲಿ ಖಾತೆ ಸಂಖ್ಯೆ, ದಿನಾಂಕ, ಮೊತ್ತ ಎಂದು ಅಚ್ಚು ಮಾಡಿರದಿದ್ದರೆ ನಿಮ್ಮ ಹಣ ಯಾರ ಖಾತೆಗೆ ಹೋದೀತು? ವೆಬ್‌ಸೈಟಿನ ಚೌಕಕ್ಕೂ ಅದೇ ನ್ಯಾಯ. ತಪ್ಪಾದರೆ ಚೌಕ ಕೆಂಪಾದರೆ ಸಾಲದು. "ಮೊಬೈಲ್ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆ ಇದೆ" ಎಂದು ಮಾತಿನಲ್ಲಿ ಬರೆಯಬೇಕು.

ಮೂರನೆಯದು, ಸೊಟ್ಟ ಅಕ್ಷರದ ಚಿತ್ರ ತೆಗೆದು ಮೊಬೈಲಿಗೆ ಒಟಿಪಿ ಬರುವಂತೆ ಮಾಡಿದರು. ಕ್ಯೂಆರ್ ಚೌಕದ ಕೆಳಗೆ "ಯುಪಿಐ ಆ್ಯಪ್ ತೆರೆಯಿರಿ" ಎಂಬ ಬಟನ್ ಇಟ್ಟರು.

ನಾಲ್ಕನೆಯದು ಬಣ್ಣ. ಬಿಳಿಯ ಮೇಲೆ ತಿಳಿ ಬೂದು ಅಕ್ಷರಗಳಿದ್ದವು. ವೆಬ್‌ಸೈಟುಗಳು ಎಲ್ಲರಿಗೂ ನಿಲುಕುವಂತೆ ಹೇಗಿರಬೇಕೆಂದು ಜಗತ್ತಿಗೆಲ್ಲ ಒಪ್ಪಿಗೆಯಾದ ನಿಯಮಾವಳಿಯೊಂದಿದೆ, ಅದರ ಮೊದಲ ಆವೃತ್ತಿ ಬಂದದ್ದು 1999ರಲ್ಲಿ. ಅದರ ಈಗಿನ ಆವೃತ್ತಿಯಂತೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ ಕನಿಷ್ಠ 4.5ಕ್ಕೆ 1ರಷ್ಟಿರಬೇಕು. ಈ ಲೆಕ್ಕ ಹೇಳುವ ಉಚಿತ ಸಾಧನಗಳು ಸಿಗುತ್ತವೆ.

ಐದನೆಯದು ನಮ್ಮ ಗಡಿಭಾಗಕ್ಕೆ ಮುಖ್ಯವಾದದ್ದು: ಭಾಷೆ. ನಮ್ಮಲ್ಲಿ ಒಂದೇ ಪುಟದಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇರುತ್ತವೆ. ಯಾವ ಭಾಗ ಯಾವ ಭಾಷೆಯದೆಂದು ಪುಟದ ಹಿಂದೆ ಎರಡಕ್ಷರದ ಗುರುತು ಹಾಕಬೇಕು. ಕನ್ನಡಕ್ಕೆ ಕೆ-ಎನ್, ಮರಾಠಿಗೆ ಎಂ-ಆರ್. ಗುರುತಿಲ್ಲದಿದ್ದರೆ ಫೋನು ಕನ್ನಡವನ್ನು ಇಂಗ್ಲಿಷ್ ದನಿಯಲ್ಲಿ ಓದಲು ಹೋಗಿ ತೊದಲುತ್ತದೆ, ಇಲ್ಲವೇ ಮೂಕವಾಗುತ್ತದೆ. ಇನ್ನೊಂದು ಮಾತು. ಅಚ್ಚುಕೂಟಗಳಲ್ಲಿ ಬಳಸುವ ಹಳೆಯ ಪದ್ಧತಿಯ ಕನ್ನಡ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಂತ್ರ ಒಳಗಿನದನ್ನೇ ಓದುತ್ತದೆ. ಆದ್ದರಿಂದ ಬರಹ ಯೂನಿಕೋಡಿನಲ್ಲೇ ಇರಬೇಕು. "ನಾಳೆ ಸೇವೆ ಇರುವುದಿಲ್ಲ" ಎಂಬ ಸೂಚನೆಯನ್ನು ಬಣ್ಣದ ಪೋಸ್ಟರಿನ ಚಿತ್ರವಾಗಿ ಮಾತ್ರ ಹಾಕಿದರೂ ಅದೇ ಗತಿ. ಚಿತ್ರದ ಕೆಳಗೆ ಅದೇ ಮಾತನ್ನು ಅಕ್ಷರದಲ್ಲೂ ಬರೆಯಬೇಕು.

ನಡುವೆ ಮಾಲೀಕನಿಗೆ ಯಾರೋ ಒಂದು ಅಡ್ಡದಾರಿ ತೋರಿಸಿದ್ದರು: ದುಡ್ಡು ಕೊಟ್ಟು ಒಂದು ತಯಾರಿ ತುಣುಕನ್ನು ಸೈಟಿಗೆ ಅಂಟಿಸಿದರೆ ಎಲ್ಲ ತಾನಾಗಿಯೇ ಸರಿಹೋಗುತ್ತದಂತೆ. ಹೀಗೆ ಹೇಳಿ ಮಾರುತ್ತಿದ್ದ ಆ್ಯಕ್ಸೆಸಿಬಿ ಎಂಬ ಕಂಪನಿಗೆ, ಇಲ್ಲದ ಗುಣ ಹೇಳಿಕೊಂಡದ್ದಕ್ಕಾಗಿ 10 ಲಕ್ಷ ಡಾಲರ್ ಕಟ್ಟಬೇಕೆಂದು ಅಮೆರಿಕದ ವ್ಯಾಪಾರ ಆಯೋಗ 2025ರಲ್ಲಿ ಆದೇಶಿಸಿತು. ಸೋರುವ ಮಾಳಿಗೆಗೆ ಸುಣ್ಣ ಬಳಿದರೆ ಸೋರುವುದು ನಿಲ್ಲುತ್ತದೆಯೇ?

ಕಾನೂನು ಏನು ಹೇಳುತ್ತದೆ?

ಇದು ದಯೆಯ ಪ್ರಶ್ನೆ ಎಂದು ಮಕ್ಕಳು ತಿಳಿಯಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಸೇವೆ ಕೊಡುವವರು ಸರಕಾರದವರಿರಲಿ ಖಾಸಗಿಯವರಿರಲಿ, ಎಲ್ಲರಿಗೂ ನಿಲುಕುವಂತೆ ಕೊಡಬೇಕೆಂದು ಅದರ 46ನೆಯ ಕಲಮು ಹೇಳುತ್ತದೆ.

ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 30ರಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಂಕು, ಸಿಮ್ ಕಾರ್ಡುಗಳಿಗಾಗಿ ಫೋನಿನಲ್ಲಿ ಕೆವೈಸಿ ಮಾಡುವಾಗ "ಕಣ್ಣು ಮಿಟುಕಿಸಿ" ಎಂದು ಕೇಳುತ್ತಾರೆ. ಆಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರು ಮಿಟುಕಿಸುವುದು ಹೇಗೆ? ಪ್ರಜ್ಞಾ ಪ್ರಸೂನ್ ಮತ್ತಿತರರು, ಜೊತೆಗೆ ದೃಷ್ಟಿ ಇಲ್ಲದ ವಕೀಲ ಅಮರ್ ಜೈನ್ ಅವರು ಹಾಕಿದ ಅರ್ಜಿಗಳ ಮೇಲೆ ನ್ಯಾಯಾಲಯ 20 ನಿರ್ದೇಶನಗಳನ್ನು ಕೊಟ್ಟಿತು. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಸಾರಿತು.

ಹೊರದೇಶಗಳಲ್ಲಿಯೂ ಒಬ್ಬೊಬ್ಬರೇ ಕೇಳಿದ್ದರಿಂದ ದಾರಿ ತೆರೆಯಿತು. 2000ದ ಸಿಡ್ನಿ ಒಲಿಂಪಿಕ್ಸ್ ವೆಬ್‌ಸೈಟು ಓದಲಾಗುತ್ತಿಲ್ಲವೆಂದು ಬ್ರೂಸ್ ಮಗ್ವಾಯರ್ ಎಂಬ ಅಂಧ ವ್ಯಕ್ತಿ ದೂರು ಕೊಟ್ಟರು. ಸರಿಪಡಿಸಲು ಬಹಳ ದಿನ, ಬಹಳ ಹಣ ಬೇಕು ಎಂದರು ಸಂಘಟಕರು. ಅಷ್ಟೇನೂ ಬೇಡ ಎಂದರು ತಜ್ಞರು. ಸಂಘಟಕರು ಕೊನೆಗೆ 20,000 ಡಾಲರ್ ಪರಿಹಾರ ಕೊಡಬೇಕಾಯಿತು. ಅಮೆರಿಕದಲ್ಲಿ ಗಿಲೆರ್ಮೊ ರೋಬ್ಲೆಸ್ ಎಂಬುವರು ಡಾಮಿನೋಸ್ ವೆಬ್‌ಸೈಟಿನಲ್ಲಿ ತಮಗೆ ಪಿಜ್ಜಾ ತರಿಸಿಕೊಳ್ಳಲಾಗಲಿಲ್ಲವೆಂದು ಕೋರ್ಟಿಗೆ ಹೋದರು. ಅಂಗಡಿಯಂತೆ ವೆಬ್‌ಸೈಟಿಗೂ ಕಾಯ್ದೆ ಅನ್ವಯಿಸುತ್ತದೆ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಹೇಳಿತು. ಪಿಜ್ಜಾ ಸಣ್ಣ ಸಂಗತಿ ಎನಿಸಬಹುದು. ಆರುನೂರು ರೂಪಾಯಿಯ ಬಿಲ್ಲೂ ಸಣ್ಣದೇ.

ಮನೆಯಲ್ಲೇ ಮೂರು ಪರೀಕ್ಷೆ

ನಮ್ಮ ಭಾಗದಲ್ಲಿ ಈಗ ಸಣ್ಣಪುಟ್ಟ ವ್ಯಾಪಾರಕ್ಕೂ ವೆಬ್‌ಸೈಟಿದೆ. ಅಥಣಿಯ ಚಪ್ಪಲಿ, ಕಾಗವಾಡದ ಟ್ರ್ಯಾಕ್ಟರ್ ಬಾಡಿಗೆ, ನಿಪ್ಪಾಣಿಯಿಂದ ಹೊರಡುವ ರಾತ್ರಿ ಬಸ್ಸು, ಎಲ್ಲದಕ್ಕೂ ಒಂದೊಂದು ಪುಟ. ಮಕ್ಕಳೇ, ನಿಮ್ಮ ಮನೆಯದೋ ಪರಿಚಯದವರದೋ ಇದ್ದರೆ ರಜೆಯಲ್ಲಿ ಹೀಗೆ ಪರೀಕ್ಷೆ ಮಾಡಿ.

ಒಂದು: ಕಂಪ್ಯೂಟರಿನ ಮೌಸ್ ಬದಿಗಿಡಿ. ಟ್ಯಾಬ್ ಮತ್ತು ಎಂಟರ್ ಕೀಲಿಗಳಿಂದಲೇ ಮೊದಲಿನಿಂದ ಕೊನೆಯವರೆಗೆ ಹೋಗಲು ಸಾಧ್ಯವೇ ನೋಡಿ. ಕೈ ನಡುಗುವವರಿಗೆ ಇದೇ ದಾರಿ.

ಎರಡು: ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬಲ್ಲಿ ಟಾಕ್‌ಬ್ಯಾಕ್ ಹಚ್ಚಿ, ಕಣ್ಣು ಮುಚ್ಚಿ. ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ಬೇಗ ತಟ್ಟಿದರೆ ತೆರೆಯುತ್ತದೆ, ಪುಟ ಸರಿಸಲು ಎರಡು ಬೆರಳು ಬೇಕು. ಅದನ್ನು ಆರಿಸುವುದು ಹೇಗೆಂದು ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಅಪ್ಪನ ಕೈಲಿ ಬೈಸಿಕೊಳ್ಳುತ್ತೀರಿ! ಚಪ್ಪಲಿಯ ಚಿತ್ರ ಮುಟ್ಟಿದಾಗ "ಐಎಂಜಿ ಎರಡು ಸೊನ್ನೆ ನಾಲ್ಕು ಐದು" ಎಂದರೆ ಹೆಸರು ಬರೆದಿಲ್ಲವೆಂದು ಅರ್ಥ. "ಗಂಡಸರ ಕಂದು ಚಪ್ಪಲಿ, ಹೆಣೆದ ಪಟ್ಟಿ, ಹೆಬ್ಬೆರಳಿಗೆ ಉಂಗುರ" ಎಂದು ನೀವೇ ಬರೆದುಕೊಡಿ. ಕನ್ನಡ ಪ್ರಬಂಧಕ್ಕಿಂತ ಒಳ್ಳೆಯ ಅಭ್ಯಾಸ.

ಮೂರು: ಫೋನನ್ನು ಅಂಗಳದ ಬಿಸಿಲಿಗೆ ಒಯ್ದು ಅಜ್ಜಿಯ ಕೈಗೆ ಕೊಡಿ. ಅಜ್ಜಿ ಓದಿದರೆ ಪಾಸು.

ಅಜ್ಜ-ಅಜ್ಜಿಯರಿಗೆ ನನ್ನ ವಿನಂತಿ ಒಂದೇ. ಪುಟ ಓದಲಾಗದಿದ್ದರೆ "ನಮಗೆ ವಯಸ್ಸಾಯಿತು, ಇದೆಲ್ಲ ತಿಳಿಯುವುದಿಲ್ಲ" ಎಂದು ಫೋನು ಮೊಮ್ಮಕ್ಕಳ ಕೈಗಿಟ್ಟು ಸುಮ್ಮನಾಗಬೇಡಿ. ಕಂಪನಿಗೆ ಹೇಳಿ. ಎಲ್ಲಿ ತಡೆಯಾಯಿತೆಂದು ಗುರುತು ಮಾಡಿ ಹೇಳಿ. ಹೇಳುವವರಿದ್ದರೆ ಸರಿಮಾಡುವವರೂ ಸಿಗುತ್ತಾರೆ.

ಆ ಕಂಪನಿಯ ಪುಟ ಇನ್ನೂ ಪೂರ್ತಿ ಸರಿಹೋಗಿಲ್ಲ. ದೂರು ಕೊಡುವ ಭಾಗದಲ್ಲಿ ಊರು ಆರಿಸುವ ಪಟ್ಟಿ ಈಗಲೂ ಮಾಸ್ತರರ ಫೋನಿಗೆ ಓದಲು ಬರುವುದಿಲ್ಲ. ಮುಂದಿನ ತಿಂಗಳು ಮಾಡಿಕೊಡುವುದಾಗಿ ಹುಡುಗ ಹೇಳಿದ್ದಾನೆ, ಮಾಸ್ತರರು ದಿನ ಎಣಿಸುತ್ತಿದ್ದಾರೆ. ಆದರೆ ಬಿಲ್ಲನ್ನು ಮಾತ್ರ ಈಗ ಅವರೇ ತುಂಬುತ್ತಾರೆ. ಮೊದಲ ಸಲ ತುಂಬಿದ ದಿನ ಮಾಡಿದ ಮೊದಲ ಕೆಲಸವೆಂದರೆ ಹಳೆಯ ಪಿನ್ ಬದಲಾಯಿಸಿದ್ದು. ಹೊಸ ಪಿನ್ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.